ಮಣ್ಣು ಮುಚ್ಚೋ ಮುಂಚೆ ಯಾರು ನೋಡಿದ್ರು?



ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದ್ರು, ಯಾರು ಮುನಿಸಿಕೊಂಡ್ರು, ಅದೆಲ್ಲ ನಾಳೆಗಿರಲಿ. ಅವರೆಲ್ಲ ಎಲ್ಲಿಗೂ ಓಡಿ ಹೋಗಲ್ಲ, ನಾಳೆ ಸಿಕ್ಕೇ ಸಿಗ್ತಾರೆ. ಇವತ್ತು ನಿಮ್ಮ ಕಾಲ ಕೆಳಗಿರೋ ಒಂದು ವಿಷಯ ಮಾತಾಡೋಣ. ಅಕ್ಷರಶಃ ಕಾಲ ಕೆಳಗೆ, ಒಂದು ಮೀಟರ್ ಆಳದಲ್ಲಿ.

ಹೋದ ವಾರ ಹುಬ್ಬಳ್ಳಿಯ ಉಣಕಲ್ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. ಕಾರ್ಯಕ್ರಮದ ವಿಷಯವೇ ಬೇರೆ ಇತ್ತು, ಅವರು ಕೇಳಿದ್ದೇ ಬೇರೆ. "ಸರ್, ನಮ್ಮ ಓಣ್ಯಾಗ ಗ್ಯಾಸ್ ಪೈಪ್ ಹಾಕ್ಯಾರ್ರಿ. ಮುಂಜಾನೆ ಅಗದ್ರು, ಸಂಜಿಕ ಮಣ್ಣ ಮುಚ್ಚಿ ಹ್ವಾದ್ರು. ಒಳಗ ಜೋಡಿಸಿದ್ದು ಚಲೋ ಐತೋ ಇಲ್ಲೋ, ಯಾರರ ನೋಡ್ಯಾರೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಕ್ಕಾರ, ವಿಚಾರಿಸಿ ಹೇಳ್ತೀನಿ" ಅಂದೆ. ಟಿವಿಯವರು ಹಾಗಂದ್ರೆ ಸಾಮಾನ್ಯವಾಗಿ ಮರೆತೇಬಿಡ್ತಾರೆ. ಅವರಿಗೂ ಅದು ಗೊತ್ತಿತ್ತು ಅನ್ಸುತ್ತೆ, "ಹೂಂ, ಹೇಳ್ರಿ ಹೇಳ್ರಿ" ಅಂತ ನಕ್ಕು ಫೋನ್ ಇಟ್ಟರು. ಆ ನಗು ಕಿವಿಯಲ್ಲೇ ಉಳೀತು. ಅದಕ್ಕೇ ಇವತ್ತಿನ ಮಾತು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಓಣಿಯೊಳಗೆ, ಮನೆ ಮುಂದೆ ಹಾಕೋದು ಪ್ಲಾಸ್ಟಿಕ್ ಜಾತಿಯ ಪೈಪು, ಎಂಡಿಪಿಇ ಅಂತಾರೆ. ಅದರಲ್ಲಿ ಒತ್ತಡ 4 ಬಾರ್ ಒಳಗೆ. ಅಡುಗೆ ಮನೆ ಒಲೆಗೆ ಬರುವಾಗ ಅದು ಇನ್ನೂ ಇಳಿದು ಕೇವಲ 21 ಮಿಲಿಬಾರ್ ಆಗಿರುತ್ತೆ. ಅಲ್ಲಿ ವೆಲ್ಡಿಂಗ್ ಕಿಡಿ ಹಾರಲ್ಲ. ಪೈಪಿನ ಮೇಲ್ಪದರ ಕೆರೆದು, ಒರೆಸಿ, ಒಳಗೆ ತಂತಿ ಇರೋ ಒಂದು ಕಪ್ಲರ್ ತೊಡಿಸಿ ಕರೆಂಟ್ ಕೊಡ್ತಾರೆ, ಪ್ಲಾಸ್ಟಿಕ್ ಕರಗಿ ಒಂದಾಗುತ್ತೆ. ಅಲ್ಲೂ ಕೆರೆಯೋದು ಬಿಟ್ಟರೆ, ಒದ್ದೆ ಇದ್ದರೆ, ತಣ್ಣಗಾಗೋ ಮೊದಲೇ ಎಳೆದಾಡಿದರೆ ಜಾಯಿಂಟ್ ಕೆಡುತ್ತೆ. ಆದರೆ ನಾನು ಇವತ್ತು ಮುಖ್ಯವಾಗಿ ಹೇಳೋದು ಆ ಪೈಪಿಗೆ ಗ್ಯಾಸ್ ತಂದುಕೊಡೋ ಕಬ್ಬಿಣದ ಅಣ್ಣನ ಬಗ್ಗೆ. ಸ್ಟೀಲ್ ಪೈಪ್‌ಲೈನ್.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಳ. ಎನ್ರಾನ್ ಹೆಸರು ಕೇಳಿದವರಿಗೆ ಆ ಊರು ನೆನಪಿರುತ್ತೆ. ಅಲ್ಲಿಂದ ಬೆಂಗಳೂರಿಗೆ ಗೇಲ್ ಸಂಸ್ಥೆಯ ಪೈಪ್‌ಲೈನ್ ಬಂದಿದೆ. ಸುಮಾರು 1000 ಕಿಲೋಮೀಟರ್. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬರುತ್ತೆ. 2013ರಲ್ಲಿ ಬೆಂಗಳೂರಿಗೆ ಗ್ಯಾಸ್ ತಲುಪಿತು. ಆ ದೊಡ್ಡ ಲೈನ್‌ನಿಂದ ಕವಲೊಡೆದು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ, ಕಾರ್ಖಾನೆಗಳಿಗೆ, ಸಿಎನ್‌ಜಿ ಬಂಕ್‌ಗಳಿಗೆ ಹಂಚೋ ಕೆಲಸ ಇಂಡಿಯನ್ ಆಯಿಲ್-ಅದಾನಿ ಗ್ಯಾಸ್ ಕಂಪನಿಯದ್ದು. ಊರೊಳಗಿನ ಸ್ಟೀಲ್ ಲೈನ್‌ನಲ್ಲಿ ಒತ್ತಡ 49 ಬಾರ್ ಮೀರಬಾರದು ಅಂತ ನಿಯಮ. 49 ಬಾರ್ ಅಂದ್ರೆ ಎಷ್ಟು? ನಿಮ್ಮ ಕಾರಿನ ಟೈರ್‌ಗೆ ಹೊಡೆಸೋ ಗಾಳಿ ಎರಡು ಬಾರ್ ಚಿಲ್ಲರೆ. ಲೆಕ್ಕ ನೀವೇ ಹಾಕಿ.

ಹೆದರಿಸೋಕೆ ಹೇಳ್ತಿಲ್ಲ ಇದನ್ನ. ಪೈಪ್ ಗ್ಯಾಸ್ ಕೆಟ್ಟದ್ದು ಅಂತ ನಾನು ಹೇಳಲ್ಲ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತೆ. ಸಿಲಿಂಡರ್ ಗ್ಯಾಸ್ ಭಾರ, ನೆಲದ ಮೇಲೇ ಹರಡಿ ಕೂರುತ್ತೆ. ಆ ಲೆಕ್ಕದಲ್ಲಿ ಇದೇ ವಾಸಿ. ಯಾವ ಕಂಪನಿ ಮೇಲೂ ನಾನು ಆರೋಪ ಮಾಡ್ತಿಲ್ಲ. ಆ ತಾಯಿ ಕೇಳಿದ ಪ್ರಶ್ನೆ ಮಾತ್ರ ಕೇಳ್ತಿದ್ದೀನಿ. ಮುಚ್ಚೋ ಮುಂಚೆ ಯಾರಾದ್ರೂ ನೋಡಿದ್ರಾ?

ಸ್ಟೀಲ್ ಪೈಪ್ ಕಾರ್ಖಾನೆಯಿಂದ ಸುಮಾರು 12 ಮೀಟರ್ ಉದ್ದದ ತುಂಡುಗಳಾಗಿ ಬರುತ್ತೆ. ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, ನಾವೂ ದಿನವಿಡೀ ತೋರಿಸಿದ್ವಿ. ಆ ಒಂದು ಪ್ಲಾಟ್‌ಫಾರ್ಮ್ ಉದ್ದಕ್ಕೆ ಪೈಪ್ ಹಾಕಿದ್ರೆ ಸುಮಾರು 125 ಜಾಯಿಂಟ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಹಿಡಿದ್ರೆ 1600ಕ್ಕೂ ಹೆಚ್ಚು. ದಾಭೋಳದಿಂದ ಬೆಂಗಳೂರಿಗೆ 80 ಸಾವಿರಕ್ಕೂ ಹೆಚ್ಚು. ಪ್ರತಿಯೊಂದನ್ನೂ ಒಬ್ಬ ಮನುಷ್ಯನ ಕೈ ಮುಟ್ಟಿರುತ್ತೆ. ಎಲ್ಲೋ ಬಿಸಿಲಲ್ಲಿ, ಎಲ್ಲೋ ಗುಂಡಿಯಲ್ಲಿ, ಎಲ್ಲೋ ರಾತ್ರಿ ಲೈಟ್ ಹಾಕಿಕೊಂಡು. 80 ಸಾವಿರದಲ್ಲಿ 79,999 ಚೆನ್ನಾಗಿದ್ರೆ ಸಾಕಾ? ಪರೀಕ್ಷೆಯಲ್ಲಾದ್ರೆ ನೂರಕ್ಕೆ ನೂರು ಅಂತ ಪೇಪರ್‌ನಲ್ಲಿ ಫೋಟೋ ಬರ್ತಿತ್ತು. ಇಲ್ಲಿ ಉಳಿದ ಆ ಒಂದು ಯಾರ ಮನೆ ಮುಂದೆ ಇದೆ ಅನ್ನೋದೇ ಪ್ರಶ್ನೆ.

ಒಂದು ಸಲ ಹೆದ್ದಾರಿ ಪಕ್ಕ ಈ ಕೆಲಸ ನಡೀತಿದ್ದಾಗ ನಾನು ಕಾರು ನಿಲ್ಲಿಸಿ ಇಳಿದು ನೋಡಿದ್ದೀನಿ. ವೆಲ್ಡರ್‌ಗಳು ಬೇರೆ ರಾಜ್ಯದವರು, ಪಕ್ಕದಲ್ಲೇ ತಗಡಿನ ಶೆಡ್. ಒಬ್ಬ ಪೈಪಿನ ಈ ಕಡೆ, ಇನ್ನೊಬ್ಬ ಆ ಕಡೆ. ಇಬ್ಬರೂ ಮೇಲಿಂದ ಶುರು ಮಾಡಿ ಕೆಳಗೆ ಬಂದು ಸೇರಬೇಕು. ಕೆಳಗೆ, ಅಂದ್ರೆ ಗಡಿಯಾರದಲ್ಲಿ ಆರು ಗಂಟೆ ಇರೋ ಜಾಗ. ಅಲ್ಲಿ ವೆಲ್ಡ್ ಮಾಡೋಕೆ ಅಂಗಾತ ಮಲಗಬೇಕು, ಕಿಡಿ ಮುಖದ ಮೇಲೇ ಬೀಳ್ತಾವೆ. ತಪ್ಪು ಆಗೋದಾದ್ರೆ ಹೆಚ್ಚಾಗಿ ಅಲ್ಲೇ ಆಗುತ್ತೆ. ಮೊದಲನೇ ಪದರಕ್ಕೆ ರೂಟ್ ಪಾಸ್ ಅಂತಾರೆ. ಅದು ಪೈಪಿನ ಒಳಗೋಡೆಯ ತನಕ ಕರಗಿ ಇಳೀಬೇಕು. ಆಮೇಲೆ ಹಾಟ್ ಪಾಸ್, ಫಿಲ್ಲಿಂಗ್, ಕೊನೆಗೆ ಮೇಲೆ ಕ್ಯಾಪಿಂಗ್. ಪ್ರತಿ ಪದರ ಆದಮೇಲೂ ಗ್ರೈಂಡರ್ ಹಿಡಿದು, ತಂತಿ ಬ್ರಷ್ ಹೊಡೆದು ಕಿಟ್ಟ ತೆಗೀಬೇಕು. ತೆಗೀದೇ ಮೇಲೆ ಇನ್ನೊಂದು ಪದರ ಹಾಕಿದ್ರೆ ಕಿಟ್ಟ ಒಳಗೇ ಉಳಿಯುತ್ತೆ. ಮೇಲಿಂದ ನೋಡಿದ್ರೆ? ಮೀನಿನ ಹುರುಪೆ ಥರ ಅಚ್ಚುಕಟ್ಟಾಗಿ ಹೊಳೀತಿರುತ್ತೆ. ಮೋಸ ಇರೋದು ಅಲ್ಲೇ ನೋಡಿ. ಕ್ಯಾಪಿಂಗ್ ಚೆಂದ ಇದ್ದ ಮಾತ್ರಕ್ಕೆ ರೂಟ್ ಚೆಂದ ಇದೆ ಅಂತ ಅಲ್ಲ.

ಇನ್ನು ಮಳೆ. ಧಾರವಾಡದ ಮಳೆ ಗೊತ್ತಲ್ಲ, ಧೋ ಅಂತ ಸುರಿದು ನಿಲ್ಲಲ್ಲ, ಜಿಟಿಜಿಟಿ ಅಂತ ದಿನಗಟ್ಟಲೆ ಹಿಡಿಯುತ್ತೆ. ಶ್ರಾವಣದಲ್ಲಿ ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗೋದಿಲ್ವಾ? ವೆಲ್ಡಿಂಗ್ ರಾಡಿನ ಮೇಲಿನ ಲೇಪಕ್ಕೂ ಹಾಗೇ ತೇವ ಹಿಡಿಯುತ್ತೆ. ಎಲ್ಲಾ ರಾಡೂ ಒಂದೇ ಅಲ್ಲ. ಕೆಲವಕ್ಕೆ ಸ್ವಲ್ಪ ತೇವ ಇರಲೇಬೇಕು, ಕೆಲವಕ್ಕೆ ಕೂಡದೇ ಕೂಡದು. ಅಂಥವನ್ನ ಓವನ್‌ನಲ್ಲಿ ಬಿಸಿ ಮಾಡಿ, ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಒಂದೊಂದೇ ತೆಗೀಬೇಕು. ತೇವ ಇದ್ದರೆ ಏನಾಗುತ್ತೆ? ನೀರಿನ ಹೈಡ್ರೋಜನ್ ಕಾದ ಲೋಹದೊಳಗೆ ಸೇರಿಕೊಳ್ಳುತ್ತೆ. ವೆಲ್ಡ್ ಮುಗಿದಾಗ ಎಲ್ಲಾ ಸರಿ ಇರುತ್ತೆ. ತಣ್ಣಗಾದ ಎಷ್ಟೋ ಗಂಟೆಗಳ ಮೇಲೆ, ಕೆಲವೊಮ್ಮೆ ಮಾರನೇ ದಿನ, ಕೂದಲೆಳೆಯಂಥ ಬಿರುಕು ಬಿಡುತ್ತೆ. ಅಷ್ಟೊತ್ತಿಗೆ ಇನ್‌ಸ್ಪೆಕ್ಟರ್ ನೋಡಿ, ಸಹಿ ಹಾಕಿ, ಊಟಕ್ಕೆ ಹೋಗಿದ್ರೆ? ಅದಕ್ಕೇ ಪೈಪಿನ ಬಾಯಿ ಮೊದಲೇ ಬಿಸಿ ಮಾಡಬೇಕು, ಮಳೆಗಾಳಿಗೆ ಟೆಂಟ್ ಕಟ್ಟಬೇಕು, ಪರೀಕ್ಷೆಗೆ ಮೊದಲು ಸಮಯ ಕೊಡಬೇಕು. ಇವು ಯಾವುದೂ ದೊಡ್ಡ ವಿಜ್ಞಾನ ಅಲ್ಲ. ಇವೆಲ್ಲ ಟೈಮ್ ತಿನ್ನೋ ಕೆಲಸ. ಕಾಂಟ್ರಾಕ್ಟರ್ ಹತ್ತಿರ ಇಲ್ಲದೇ ಇರೋದು ಅದೇ.

ಪರೀಕ್ಷೆ ಹೇಗೆ ಮಾಡ್ತಾರೆ? ಮೊದಲ ಪರೀಕ್ಷೆ ವೆಲ್ಡರ್‌ಗೇ. ಎಪಿಐ 1104 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಅವನಿಂದ ಮಾದರಿ ಜಾಯಿಂಟ್ ಮಾಡಿಸಿ ಪರೀಕ್ಷಿಸ್ತಾರೆ. ಪಾಸಾದವನಿಗೆ ಒಂದು ನಂಬರ್. ಅವನು ಮಾಡಿದ ಪ್ರತಿ ಜಾಯಿಂಟ್ ಪಕ್ಕ ಆ ನಂಬರ್ ಬರೀಬೇಕು. ಆಮೇಲೆ ಕಣ್ಣಿನ ಪರೀಕ್ಷೆ. ಎರಡು ಪೈಪ್ ಸಮ ಕೂತಿವೆಯಾ, ಅಂಚು ಕೊರೆದಿದೆಯಾ, ತೂತು ಬಿದ್ದಿದೆಯಾ. ಆಮೇಲೆ ಎಕ್ಸ್-ರೇ ಅಥವಾ ಗಾಮಾ ಕಿರಣ. ಆಸ್ಪತ್ರೆಯಲ್ಲಿ ಮೂಳೆ ಮುರಿದಾಗ ಫಿಲ್ಮ್ ತೆಗೀತಾರಲ್ಲ, ಅದೇ. ಫಿಲ್ಮ್ ಮೇಲೆ ಸೀಸದ ಅಕ್ಷರಗಳಲ್ಲಿ ಜಾಯಿಂಟ್ ನಂಬರ್, ವೆಲ್ಡರ್ ನಂಬರ್ ಮೂಡಿರುತ್ತೆ. ಅದರ ಜೊತೆಗೆ ಸಣ್ಣ ಸಣ್ಣ ತಂತಿಗಳ ಒಂದು ಪಟ್ಟಿ. ಇಂತಿಷ್ಟು ತೆಳುವಾದ ತಂತಿ ಫಿಲ್ಮ್‌ನಲ್ಲಿ ಕಾಣಿಸಿದ್ರೆ ಮಾತ್ರ ಆ ಫಿಲ್ಮ್ ನಂಬಬಹುದು, ಇಲ್ಲ ಅಂದ್ರೆ ಮತ್ತೆ ತೆಗಿ ಅಂತ ಅರ್ಥ. ಗುಂಡು ಚುಕ್ಕೆ ಕಂಡ್ರೆ ಗಾಳಿಗುಳ್ಳೆ. ನಡುವೆ ನೇರ ಕಪ್ಪು ಗೆರೆ ಕಂಡ್ರೆ ರೂಟ್ ಒಳಗಿಳಿದಿಲ್ಲ. ಸೊಟ್ಟ ಸೊಟ್ಟ ತೆಳ್ಳನೆ ಗೆರೆ ಕಂಡ್ರೆ ಬಿರುಕು. ಬಿರುಕು ಕಂಡ್ರೆ ಸಾಮಾನ್ಯವಾಗಿ ಇಡೀ ಜಾಯಿಂಟ್ ಕತ್ತರಿಸಿ ಬಿಸಾಕಿ ಹೊಸದು ಮಾಡಬೇಕು. ಫಿಲ್ಮಿಗೂ ಎಲ್ಲಾ ಸಿಗಲ್ಲ. ಪೈಪಿನ ಅಂಚಿಗೆ ಲೋಹ ಅಂಟದೇ ಉಳಿದ ಜಾಗ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತೆ. ಅದಕ್ಕೆ ಅಲ್ಟ್ರಾಸೌಂಡ್. ರೈಲ್ವೆಯವರು ಹಳಿ ಪರೀಕ್ಷೆ ಮಾಡೋದೂ ಅದರಿಂದಲೇ.

ಗಾಮಾ ಕ್ಯಾಮೆರಾ ಒಳಗಿರೋದು ಇರಿಡಿಯಂ-192, ವಿಕಿರಣ ಸೂಸೋ ವಸ್ತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅನುಮತಿ ಇಲ್ಲದೇ ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ಅದಕ್ಕೇ ಈ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತೆ, ಸುತ್ತ ಹಗ್ಗ ಕಟ್ಟಿ ಕೆಂಪು ದೀಪ ಇಡ್ತಾರೆ. ಆ ಹಗ್ಗ ದಾಟಿ ಸೆಲ್ಫಿ ತಗೊಳ್ಳೋಕೆ ಹೋಗಬೇಡಿ. 1999ರಲ್ಲಿ ಪೆರು ದೇಶದ ಯನಾಂಗೋದಲ್ಲಿ ಒಬ್ಬ ವೆಲ್ಡರ್, ಪಾಪ, ಕೆಳಗೆ ಬಿದ್ದಿದ್ದ ಇಂಥದೇ ಇರಿಡಿಯಂ ತುಂಡನ್ನ ಏನೋ ಅಂತ ಎತ್ತಿ ಪ್ಯಾಂಟ್ ಜೇಬಿಗೆ ಹಾಕಿಕೊಂಡ. ಕಾಲನ್ನೇ ಕತ್ತರಿಸಬೇಕಾಯ್ತು.

ಸರಿ, ಫಿಲ್ಮ್ ಇದೆ, ನಂಬರ್ ಇದೆ, ಸಹಿ ಇದೆ. ಅಲ್ಲಿಗೆ ಮುಗೀತಾ? ಇಲ್ಲ. ಫಿಲ್ಮ್ ಸುಳ್ಳು ಹೇಳಿದ್ರೆ?

ಅಮೆರಿಕದ ಅಲಾಸ್ಕಾದಲ್ಲಿ 1970ರ ದಶಕದಲ್ಲಿ ದೊಡ್ಡ ತೈಲ ಪೈಪ್‌ಲೈನ್ ಹಾಕ್ತಿದ್ರು. ಗ್ಯಾಸ್ ಅಲ್ಲ, ತೈಲ, ಆದರೆ ವೆಲ್ಡ್ ವೆಲ್ಡೇ. ಎಕ್ಸ್-ರೇ ತೆಗೆಯೋ ಕಂಪನಿಯಲ್ಲಿದ್ದ ಒಬ್ಬ ಕೋರ್ಟ್‌ಗೆ ಹೋಗಿ, "ಫಿಲ್ಮ್‌ಗಳು ನಕಲಿ" ಅಂದ. ಆಗ ಎಲ್ಲಾ ಕಡತ ತೆಗೆಸಿ ನೋಡಿದ್ರು. 1975ರಲ್ಲಿ ಮಾಡಿದ 30,800 ವೆಲ್ಡ್‌ಗಳಲ್ಲಿ 3,955 ಅನುಮಾನದ ವೆಲ್ಡ್‌ಗಳು ಅಂತ ಬಂತು. ಎಲ್ಲವೂ ಕೆಟ್ಟಿದ್ವು ಅಂತಲ್ಲ. ಕೆಲವಕ್ಕೆ ಫಿಲ್ಮೇ ಇಲ್ಲ, ಕೆಲವದ್ದು ಓದೋಕಾಗಲ್ಲ, ಕೆಲವದ್ದು ಬೇರೆ ಜಾಯಿಂಟ್‌ನ ಫಿಲ್ಮ್. ಮತ್ತೆ ಅಗೆದ್ರು, ಮತ್ತೆ ನೋಡಿದ್ರು, ರಿಪೇರಿ ಮಾಡಿದ್ರು. ಒಂದು ಒಳ್ಳೇ ಜಾಯಿಂಟ್‌ನ ಫಿಲ್ಮ್ ತೆಗೆದು, ಅದನ್ನೇ ನಾಲ್ಕು ಜಾಯಿಂಟ್‌ಗೆ ತೋರಿಸೋದು ಈ ಧಂಧೆಯ ಹಳೇ ಕೈಚಳಕ. ಶಾಲೆಯಲ್ಲಿ ಒಬ್ಬನ ಹೋಂವರ್ಕ್ ನಾಲ್ಕು ಜನ ತೋರಿಸ್ತಿದ್ವಲ್ಲ, ಹಾಗೆ. ಮೇಷ್ಟ್ರು ನಾಲ್ಕೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ ದಿನ ಸಿಕ್ಕಿಬೀಳ್ತೀವಿ. ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋ ಮೇಷ್ಟ್ರು ಯಾರು?

ಹೆಸರಿಗೆ ಇದ್ದಾರೆ. ಥರ್ಡ್ ಪಾರ್ಟಿ ಇನ್‌ಸ್ಪೆಕ್ಟರ್. ಕೆಲಸ ಮಾಡೋ ಕಾಂಟ್ರಾಕ್ಟರೂ ಅಲ್ಲದ, ಕೆಲಸ ಕೊಟ್ಟ ಕಂಪನಿಯೂ ಅಲ್ಲದ ಮೂರನೆಯವನು. ಅವನ ಸಂಬಳ ಎಲ್ಲಿಂದ ಬರುತ್ತೆ? ಕಂಪನಿ ಕೊಡೋ ಫೀಸಿನಿಂದ. ಅವನು ಓಡಾಡೋ ಜೀಪು, ಉಳಿದುಕೊಳ್ಳೋ ಲಾಡ್ಜು? ಎಷ್ಟೋ ಕಡೆ ಕಾಂಟ್ರಾಕ್ಟರ್ ಕೃಪೆ. ವಯಸ್ಸು ಇಪ್ಪತ್ತೈದು ಇಪ್ಪತ್ತಾರು, ಮೊನ್ನೆ ಮೊನ್ನೆ ಡಿಪ್ಲೊಮಾ ಮುಗಿಸಿ ಬಂದ ಹುಡುಗ. ರಾತ್ರಿ ಹತ್ತು ಗಂಟೆ, ಮೋಡ ಕವಿದಿದೆ, ಜೆಸಿಬಿ ಬಾಡಿಗೆ ಓಡ್ತಿದೆ, ಬೆಳಗ್ಗೆ ಆರಕ್ಕೆ ರಸ್ತೆ ಬಿಟ್ಟುಕೊಡಬೇಕು. "ಸಾಹೇಬ್ರ, ಒಂದ ಜಾಯಿಂಟ್ ಐತಿ, ಸೈನ್ ಹಾಕ್ರಿ, ಮುಚ್ಚಿಬಿಡೂಣು." ಆ ಹುಡುಗ "ಇಲ್ಲ, ಕತ್ತರಿಸಿ" ಅಂತ ಅನ್ನಬೇಕು. ಅಂದ್ರೆ ಇಡೀ ಗ್ಯಾಂಗ್ ಅವನನ್ನ ಶತ್ರು ಥರ ನೋಡುತ್ತೆ. ನನ್ನ ಪ್ರಕಾರ ಹುಬ್ಬಳ್ಳಿ-ಧಾರವಾಡದ ಲಕ್ಷಾಂತರ ಜನರ ಸುರಕ್ಷತೆ ಯಾವ ಮಂತ್ರಿ ಕೈಯಲ್ಲೂ ಇಲ್ಲ, ಆ ಹೊತ್ತಿನಲ್ಲಿ ಆ ಹುಡುಗನ ಪೆನ್ನಿನ ತುದಿಯಲ್ಲಿದೆ. ಅವನು "ಇಲ್ಲ" ಅಂದ್ರೆ ಅವನ ಕೆಲಸ ಉಳಿಯುತ್ತೆ ಅನ್ನೋ ಧೈರ್ಯ ನಾವು ಕೊಟ್ಟಿದ್ದೀವಾ?

ಇನ್ನೊಂದು ಪರೀಕ್ಷೆ ಇದೆ, ಇದರಲ್ಲಿ ಯಾರ ಮುಲಾಜೂ ನಡೆಯಲ್ಲ. ಹೈಡ್ರೋ ಟೆಸ್ಟ್. ಜೋಡಿಸಿದ ಲೈನ್‌ಗೆ ನೀರು ತುಂಬಿ, ಮುಂದೆ ಗ್ಯಾಸ್ ಎಷ್ಟು ಒತ್ತಡದಲ್ಲಿ ಹರಿಯಬೇಕೋ ಅದಕ್ಕಿಂತ ಒಂದೂಕಾಲು, ಒಂದೂವರೆ ಪಟ್ಟು ಒತ್ತಡ ಕೊಟ್ಟು 24 ಗಂಟೆ ಹಿಡೀತಾರೆ. ನೀರೇ ಯಾಕೆ? ಗಾಳಿ ಹಾಕಿ ಪೈಪ್ ಒಡೆದ್ರೆ ಬಾಂಬ್ ಥರ ಸಿಡಿಯುತ್ತೆ. ನೀರಾದ್ರೆ ಬಿರುಕು ಬಿಟ್ಟ ಕ್ಷಣ ಒತ್ತಡ ಇಳಿದುಹೋಗುತ್ತೆ. ಎರಡು ಪರೀಕ್ಷಿತ ಭಾಗಗಳನ್ನ ಕೊನೆಗೆ ಸೇರಿಸೋ ಜಾಯಿಂಟ್ ಇರುತ್ತಲ್ಲ, ಅದಕ್ಕೆ ಮಾತ್ರ ಹೈಡ್ರೋ ಟೆಸ್ಟ್ ಮಾಡೋಕಾಗಲ್ಲ. ಅದಕ್ಕೆ ಗೋಲ್ಡನ್ ಜಾಯಿಂಟ್ ಅಂತ ಹೆಸರು. ಹೆಸರಲ್ಲಿ ಬಂಗಾರ, ಭಾರವೆಲ್ಲ ಅದರ ಫಿಲ್ಮ್ ಮತ್ತು ಅಲ್ಟ್ರಾಸೌಂಡ್ ಮೇಲೆ.

ಈ ಟೆಸ್ಟ್ ಮಾಡದೇ ಬಿಟ್ಟರೆ ಏನಾಗುತ್ತೆ? ಮತ್ತೆ ಅಮೆರಿಕಕ್ಕೇ ಹೋಗಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ. 2010ರ ಸೆಪ್ಟೆಂಬರ್ 9, ಸಂಜೆ ಆರು ಗಂಟೆ ದಾಟಿತ್ತು, ಜನ ಅಡುಗೆ ಮನೆಯಲ್ಲಿ, ಟಿವಿ ಮುಂದೆ. ಬಡಾವಣೆಯ ಕೆಳಗಿದ್ದ 30 ಇಂಚಿನ ಗ್ಯಾಸ್ ಪೈಪ್ ಸಿಡೀತು. 28 ಅಡಿ ಉದ್ದದ ಪೈಪ್ ತುಂಡು ನೂರು ಅಡಿ ದೂರ ಹೋಗಿ ಬಿತ್ತು. 8 ಜನ ಸತ್ತರು, 38 ಮನೆ ಪೂರ್ತಿ ನಾಶವಾದ್ವು. ಗ್ಯಾಸ್ ನಿಲ್ಲಿಸೋಕೆ 95 ನಿಮಿಷ ಹಿಡೀತು. ಅಮೆರಿಕದಂಥ ಅಮೆರಿಕದಲ್ಲಿ!

ತನಿಖೆಯಲ್ಲಿ ಏನು ಸಿಕ್ಕಿತು ಗೊತ್ತಾ? ಆ ಪೈಪ್ ಹಾಕಿದ್ದು 1956ರಲ್ಲಿ. ಕಂಪನಿ ಕಾಗದದಲ್ಲಿ ಇದ್ದಿದ್ದು "ಬೆಸುಗೆಯೇ ಇಲ್ಲದ ಪೈಪ್" ಅಂತ. ಅಗೆದು ತೆಗೆದ ಪೈಪ್‌ನಲ್ಲಿ ಉದ್ದಕ್ಕೂ ಬೆಸುಗೆ ಇತ್ತು, ಅದೂ ಅರೆಬರೆ. ಹೊರಗಡೆಯಿಂದ ಬೆಸೆದಿದ್ರು, ಒಳಗಡೆ ಬೆಸೆದೇ ಇರಲಿಲ್ಲ. ಹಾಕೋವಾಗ ಒಳಗೆ ಕಣ್ಣು ಹಾಯಿಸಿದ್ರೆ ಕಾಣಿಸ್ತಿತ್ತು. ಹೈಡ್ರೋ ಟೆಸ್ಟ್ ಮಾಡಿದ್ರೆ ಬಹುಶಃ ಅವತ್ತೇ ಒಡೆದು ಗೊತ್ತಾಗ್ತಿತ್ತು. ಮಾಡಿರಲಿಲ್ಲ. ಆಮೇಲೆ ನಿಯಮ ಬಂದಾಗಲೂ ಹಳೇ ಪೈಪ್‌ಗಳಿಗೆ ವಿನಾಯಿತಿ ಕೊಟ್ಟರು. ಹೀಗೆ ಒಂದು ಅರ್ಧ ಬೆಸುಗೆ 54 ವರ್ಷ ಮಣ್ಣೊಳಗೆ ಕಾದು ಕೂತಿತ್ತು. ವೆಲ್ಡ್ ಮಾಡಿದವನು, ಸಹಿ ಹಾಕಿದವನು ಎಲ್ಲಿದ್ದಾರೋ. ಸತ್ತವರಲ್ಲಿ ಎಷ್ಟೋ ಜನ ಆ ವೆಲ್ಡ್ ಆದಾಗ ಹುಟ್ಟಿಯೇ ಇರಲಿಲ್ಲ. 2015ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಕಂಪನಿ ಮೇಲೆ 160 ಕೋಟಿ ಡಾಲರ್ ದಂಡ ಹಾಕಿತು.

ಅದು ದೂರದ ದೇಶ ಅಂತೀರಾ? ಧಾರವಾಡದವರಿಗೆ ನಾನು ಈ ಪಾಠ ಹೇಳಬೇಕಾಗಿಲ್ಲ. 2019ರ ಮಾರ್ಚ್ 19. ಕುಮಾರೇಶ್ವರ ನಗರ. ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ದಿನಗಟ್ಟಲೆ ಅಲ್ಲೇ ಕ್ಯಾಮೆರಾ ಇಟ್ಟಿದ್ವಿ. ಅವಶೇಷದ ಕೆಳಗಿಂದ ಒಬ್ಬೊಬ್ಬರೇ ಹೊರಗೆ ಬರುವಾಗ ಇಡೀ ಊರು ಉಸಿರು ಬಿಗಿ ಹಿಡಿದಿತ್ತು. ಅವತ್ತು ಜನ ಕೇಳಿದ್ದೂ ಇದೇ ಪ್ರಶ್ನೆ. ಕಟ್ಟುವಾಗ ಯಾರು ನೋಡಿದ್ರು, ಯಾರು ಸಹಿ ಹಾಕಿದ್ರು? ಕಾಂಕ್ರೀಟ್ ಒಳಗಿನ ಕಬ್ಬಿಣ, ಮಣ್ಣೊಳಗಿನ ಬೆಸುಗೆ, ಎರಡೂ ಮುಚ್ಚಿದ ಮೇಲೆ ಕಾಣಲ್ಲ.

ಇನ್ನು ಮುಚ್ಚಿದ ನಂತರದ ಕಥೆ. ವೆಲ್ಡ್ ಚೆನ್ನಾಗಿದ್ದೂ ಕೆಲಸ ಕೆಡಬಹುದು. ಬೆಸೆದ ಜಾಗದಲ್ಲಿ ಪೈಪಿನ ಲೇಪ ಹೋಗಿರುತ್ತೆ, ಅಲ್ಲಿಗೆ ಬಿಸಿ ಮಾಡಿ ಕವಚ ಸುತ್ತಬೇಕು, ಸಾವಿರಾರು ವೋಲ್ಟ್‌ನ ಬ್ರಷ್ ಆಡಿಸಿ ಎಲ್ಲೂ ಸಣ್ಣ ಬಿರುಕಿಲ್ಲ ಅಂತ ನೋಡಬೇಕು. ನಮ್ಮ ನವಲಗುಂದ, ಹುಬ್ಬಳ್ಳಿ ಕಡೆ ಎರಿ ಮಣ್ಣು. ರೈತರಿಗೆ ಗೊತ್ತು, ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗೋಷ್ಟು ಬಿರಿಯುತ್ತೆ. ಗೋಡೆಗಳನ್ನೇ ಸೀಳೋ ಮಣ್ಣದು. ತೇವವನ್ನೂ ಹಿಡಿದಿಟ್ಟುಕೊಳ್ಳುತ್ತೆ, ಕಬ್ಬಿಣಕ್ಕೆ ತುಕ್ಕು ಹಿಡಿಸೋದ್ರಲ್ಲೂ ಮುಂದು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿಯ ನಗರಂ ಊರಲ್ಲಿ ಗೇಲ್ ಪೈಪ್‌ಲೈನ್ ಸೋರಿ ಬೆಳಗಿನ ಜಾವ ಬೆಂಕಿ ಹತ್ತಿಕೊಂಡಿತು, 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತಪ್ಪು ವೆಲ್ಡಿಂಗ್‌ನದ್ದಲ್ಲ, ತುಕ್ಕಿನದ್ದು. ಒಣ ಗ್ಯಾಸ್‌ಗೆ ಅಂತ ಹಾಕಿದ್ದ ಪೈಪ್‌ನಲ್ಲಿ ನೀರಿನ ಅಂಶ ಇರೋ ಗ್ಯಾಸ್ ಹರಿಸಿದ್ರು. ಹಿಂದೆಯೂ ಸೋರಿದ್ದಾಗ ಕ್ಲಾಂಪ್ ಹಾಕಿ ಸುಮ್ಮನಾಗಿದ್ರು.

ಹುಬ್ಬಳ್ಳಿಗೆ ತುಕ್ಕಿಗಿಂತ ದೊಡ್ಡ ಶತ್ರು ಇನ್ನೊಂದಿದೆ. ಜೆಸಿಬಿ! ಬಿಆರ್‌ಟಿಎಸ್‌ಗೆ ಅಗೆದ್ರು, ಚಿಗರಿ ಬಸ್ ಬಂತು. 24 ಗಂಟೆ ನೀರು ಅಂತ ಅಗೆದ್ರು, ಯುಜಿಡಿ ಅಂತ ಅಗೆದ್ರು, ಸ್ಮಾರ್ಟ್ ಸಿಟಿ ಅಂತ ಅಗೆದ್ರು, ಕೇಬಲ್‌ನವರು ಯಾರನ್ನೂ ಕೇಳದೇ ಅಗೆದ್ರು. ಹುಬ್ಬಳ್ಳಿ ರಸ್ತೆ ಮೇಲೆ ನಡೆಯೋರಿಗಿಂತ ಕೆಳಗೆ ಇಳಿಯೋರೇ ಜಾಸ್ತಿ ಅಂತ ಊರವರೇ ಚೇಷ್ಟೆ ಮಾಡ್ತಾರೆ. ಇವರಲ್ಲಿ ಎಷ್ಟು ಜನರ ಕೈಯಲ್ಲಿ ಗ್ಯಾಸ್ ಪೈಪ್ ಎಲ್ಲಿದೆ ಅನ್ನೋ ನಕ್ಷೆ ಇದೆ? 2023ರಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಜಲಮಂಡಳಿ ಕೆಲಸಕ್ಕೆ ಅಗೆಯುವಾಗ ಗ್ಯಾಸ್ ಪೈಪ್‌ಗೆ ಏಟು ಬಿದ್ದು ಸ್ಫೋಟ ಆಯ್ತು, ಜನ ಗಾಯಗೊಂಡರು. ಪೈಪ್ ಮೇಲೆ ಎಚ್ಚರಿಕೆಯ ಪಟ್ಟಿ ಹಾಸಿರ್ತಾರೆ ನಿಜ. ಜೆಸಿಬಿ ಬಕೆಟ್‌ಗೆ ಅದು ಕಾಣೋ ಹೊತ್ತಿಗೆ ತಡವಾಗಿರುತ್ತೆ.

ಹೊಲದಲ್ಲಿ ಪೈಪ್ ಹೋಗಿರೋ ರೈತರಿಗೂ ಒಂದು ಮಾತು. 1962ರ ಕಾಯ್ದೆ ಪ್ರಕಾರ ಜಮೀನು ನಿಮ್ಮದೇ, ಬಿತ್ತಬಹುದು, ಬೆಳೀಬಹುದು. ಆ ಪಟ್ಟಿಯಲ್ಲಿ ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ಪೈಪ್ ಮೇಲೆ ನೆಟ್ಟಿರೋ ಗುರುತಿನ ಕಲ್ಲು ಕೀಳಬೇಡಿ. ಟ್ರ್ಯಾಕ್ಟರ್‌ಗೆ ಅಡ್ಡ ಆಗುತ್ತೆ ಅಂತ ಕಿತ್ತು ಬದುವಿಗೆ ಹಾಕಿದ್ದನ್ನ ನಾನೇ ನೋಡಿದ್ದೀನಿ.

ಹಾಗಾದ್ರೆ ಆ ತಾಯಿ ಪ್ರಶ್ನೆಗೆ ಉತ್ತರ? ನೋಡಬೇಕಾದವರು ಇದ್ದಾರೆ, ನೋಡಿದ್ದಕ್ಕೆ ಕಾಗದವೂ ಇರಲೇಬೇಕು. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ಪಿಎನ್‌ಜಿಆರ್‌ಬಿ, 2006ರ ಕಾಯ್ದೆಯಿಂದ ಬಂದದ್ದು. ಸುರಕ್ಷತೆಯ ನಿಯಮ ಬರೆದಿರೋದೇ ಅದು. ನಿಯಮ ಬೇಕಾದಷ್ಟಿದೆ. ಆದರೆ ಕಾಗದವೆಲ್ಲ ಕಂಪನಿಯ ಕಪಾಟಿನಲ್ಲಿದೆ. ಊರಿನವರಿಗೆ, ವಾರ್ಡಿನ ಸದಸ್ಯರಿಗೆ, ಅಗೆಯೋ ಇಲಾಖೆಗೆ ಅದು ಕಾಣಲ್ಲ. ನನ್ನ ತಕರಾರು ಇಷ್ಟೇ. ರಸ್ತೆ ಅಗೆಯೋಕೆ ಅನುಮತಿ ಕೊಡೋದು ಯಾರು? ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ದುಡ್ಡು ಕಟ್ಟಿಸಿಕೊಂಡು ಅನುಮತಿ ಕೊಡುವಾಗ, "ಕೆಲಸ ಮುಗಿದ ಮೇಲೆ ಪೈಪ್ ಎಲ್ಲೆಲ್ಲಿ ಎಷ್ಟು ಆಳದಲ್ಲಿದೆ ಅನ್ನೋ ನಕ್ಷೆ ಕೊಡಿ, ಈ ರಸ್ತೆಯ ಜಾಯಿಂಟ್‌ಗಳೆಷ್ಟು, ಫಿಲ್ಮ್ ಎಷ್ಟಕ್ಕೆ ತೆಗೆದ್ರಿ, ಎಷ್ಟು ಕತ್ತರಿಸಿದ್ರಿ ಅನ್ನೋ ಪಟ್ಟಿ ಕೊಡಿ, ಹೈಡ್ರೋ ಟೆಸ್ಟ್ ಪ್ರಮಾಣಪತ್ರದ ಪ್ರತಿ ಕೊಡಿ" ಅಂತ ಒಂದು ಷರತ್ತು ಹಾಕೋಕೆ ಏನು ಕಷ್ಟ? ಕತ್ತರಿಸಿದ ಜಾಯಿಂಟ್ ಒಂದೂ ಇಲ್ಲ ಅಂತ ಬಂದ್ರೆ ನಾನಂತೂ ಖುಷಿಪಡಲ್ಲ, ಅನುಮಾನ ಪಡ್ತೀನಿ. ಸಾವಿರಾರು ಜಾಯಿಂಟ್‌ನಲ್ಲಿ ಒಂದೂ ಕೆಟ್ಟಿಲ್ಲ ಅಂದ್ರೆ ನೋಡಿಲ್ಲ ಅಂತಲೇ ಅರ್ಥ. ಪಾಲಿಕೆ ತಾನಾಗಿ ಕೇಳದಿದ್ರೆ ಮಾಹಿತಿ ಹಕ್ಕು ಇದೆ, ಹತ್ತು ರೂಪಾಯಿ ಅರ್ಜಿ, ಪಾಲಿಕೆಗೂ ಹಾಕಬಹುದು, ಪಿಎನ್‌ಜಿಆರ್‌ಬಿಗೂ ಹಾಕಬಹುದು.

ಉಣಕಲ್‌ನ ಅಕ್ಕಾರ, ನೀವು ಈಗ ನೋಡ್ತಿದ್ರೆ ಇದು ನಿಮಗೆ. ನಿಮ್ಮ ಮನೆಗೆ ಬರೋ ಗ್ಯಾಸ್‌ಗೆ ವಾಸನೆ ಬೆರೆಸಿರ್ತಾರೆ, ಕೊಳೆತ ಮೊಟ್ಟೆಯಂಥ ವಾಸನೆ. ಅದು ಮನೆಯೊಳಗೆ ಬಂದ್ರೆ ಸ್ವಿಚ್ ಹಾಕಬೇಡಿ, ತೆಗೀಬೇಡಿ, ಕಿಟಕಿ ತೆರೀರಿ, ಮೀಟರ್ ಹತ್ತಿರದ ವಾಲ್ವ್ ಮುಚ್ಚಿ, ಹೊರಗೆ ಬಂದು ತುರ್ತು ನಂಬರ್‌ಗೆ ಫೋನ್ ಮಾಡಿ. ಆ ನಂಬರ್ ಈಗಲೇ ನಿಮ್ಮ ಗೋಡೆ ಮೇಲೆ ಬರೆದಿಡಿ. ಮತ್ತೆ ನಿಮ್ಮ ಪ್ರಶ್ನೆ ನಾನು ಮರೆತಿಲ್ಲ. ಈ ಮೂರು ಕಾಗದ ಕೇಳಿ ನಮ್ಮ ಹುಬ್ಬಳ್ಳಿ ವರದಿಗಾರರು ಪಾಲಿಕೆಗೆ ಇವತ್ತು ಅರ್ಜಿ ಹಾಕಿದ್ದಾರೆ. ಉತ್ತರ ಕೊಡೋಕೆ ಕಾನೂನಲ್ಲಿ 30 ದಿನ. ಬಂದ ದಿನ ಇದೇ ಕುರ್ಚಿಯಲ್ಲಿ ಕೂತು ಓದಿ ಹೇಳ್ತೀನಿ. ಬರದೇ ಇದ್ರೆ ಮೂವತ್ತೊಂದನೇ ದಿನ ಅದನ್ನೂ ಹೇಳ್ತೀನಿ.